ಚಾಪೆಯ ಕೆಳಗೆ ಕೊಂಡ ಕೋರ್ಸು

ಅಣ್ಣ ಅಲಪಾಟಿ ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ಶನಿವಾರ, ಚರ್ಚಿನ ಅಂಗಳದ ಹುಲ್ಲು ಕೊಯ್ಯುತ್ತಿದ್ದಾಗ. ಆಚೆ ದ್ವೀಪದಲ್ಲಿರುವ ರಾಜಧಾನಿ ಅಪಿಯಾದ ಆಸ್ಪತ್ರೆಯಿಂದ ಅವನ ಮಗ ಪೆಸಮಿನೊ ಫೋನ್ ಮಾಡಿದ. ನಾನು ಕತ್ತಿ ಕೆಳಗಿಟ್ಟು, ಟೋಪಿ ತೆಗೆದು, ಹುಲ್ಲಿನ ಮೇಲೆಯೇ ಕುಳಿತೆ. ಪೆಸಮಿನೊ ಅಳುತ್ತಿದ್ದ. ಆ ಅಳು ನಿಲ್ಲುವ ಮೊದಲೇ ಇನ್ನೊಂದು ಮಾತನ್ನೂ ಹೇಳಿದ. ಅಪ್ಪನ ತಲೆಯಲ್ಲಿದ್ದದ್ದೆಲ್ಲ ಅಪ್ಪನ ಜೊತೆಗೇ ಹೋಗಬಾರದಂತೆ, ಅದಕ್ಕಾಗಿ ಒಂದು ಆನ್‌ಲೈನ್ ಕೋರ್ಸು ಸೇರುವ ಯೋಚನೆಯಲ್ಲಿದ್ದಾನಂತೆ. ಯಾವ ಕೋರ್ಸು ಎಂದು ಕೇಳುವ ಶಕ್ತಿ ನನಗಿರಲಿಲ್ಲ. ಶವವನ್ನು ಯಾವ ಹಡಗಿನಲ್ಲಿ ತರುತ್ತೀಯ ಎಂದಷ್ಟೇ ಕೇಳಿದೆ.

ಅಣ್ಣ ನಮ್ಮೂರಿನ ಸಭೆಯ ಮಾತುಗಾರ. ಮದುವೆಯಾಗಲಿ, ಸಾವಾಗಲಿ, ಬೇರೆ ಊರಿನವರು ಬಂದರೆ ಕೋಲು ಹಿಡಿದು ಎದ್ದು ನಿಂತು, ಬಂದವರ ಮನೆತನಗಳನ್ನು ಅವರವರ ಗೌರವಕ್ಕೆ ತಕ್ಕಂತೆ ಹೆಸರಿಸಿ ಸ್ವಾಗತಿಸಬೇಕಾದವನು ಅವನು. ಕಾಗದ ನೋಡಿ ಹೇಳುವ ಮಾತುಗಾರ ನಮ್ಮಲ್ಲಿಲ್ಲ. ಅಂಥವನನ್ನು ಕೂತವರೇ ಕೆಮ್ಮಿ ಕೂರಿಸುತ್ತಾರೆ. ಅಣ್ಣನ ನಂತರ ಆ ಕೋಲು ಪೆಸಮಿನೊವಿನದು. ಅವನು ಅಪಿಯಾದ ಕಚೇರಿಯೊಂದರಲ್ಲಿ ಕೆಲಸ ಮಾಡುವವನು, ನಲವತ್ತರ ಹತ್ತಿರದವನು. ರಜೆಗೆ ಬಂದಾಗ ಅಣ್ಣ ಅವನನ್ನು ಕೂರಿಸಿಕೊಂಡು, ಗೋಡೆಯಿಲ್ಲದ ನಮ್ಮ ಮನೆಯ ಸುತ್ತಿನ ಗರಿಯ ತಡಿಕೆಗಳನ್ನು ಇಳಿಬಿಟ್ಟು, ಪ್ರಾರ್ಥನೆ ಮಾಡಿ, ಮನೆತನಗಳ ವಂಶಾವಳಿ ಕಲಿಸಲು ಆರಂಭಿಸುತ್ತಿದ್ದ. ಪೆಸಮಿನೊ ಫೋನನ್ನು ಮಧ್ಯದಲ್ಲಿಟ್ಟು ದನಿ ಹಿಡಿಯಲು ಬಿಟ್ಟು, ತಾನು ಕೊಕೊ ಕುಡಿಯುತ್ತಿದ್ದ.

"ಅದೇನೋ ಕೇಳಿಸ್ಕೊಳ್ತಾ ಇದೆ, ಸರಿ. ನೀನು ಯಾವಾಗ ಕೇಳಿಸ್ಕೊಳ್ತೀಯಪ್ಪಾ?" ಎಂದು ಅಣ್ಣ ಒಮ್ಮೆ ಕೇಳಿದ್ದ. ಆಮೇಲೆ ಕೇಳುತ್ತೇನೆ ಎಂದು ಇವನು ಹೇಳಿದ್ದ. ಆ ಆಮೇಲೆ ಬರಲೇ ಇಲ್ಲ.

ಸೋಮವಾರದ ಹಡಗಿನಲ್ಲಿ ಶವ ನಮ್ಮ ದ್ವೀಪ ಸವಾಯಿಗೆ ಬಂತು. ಹೆಂಗಸರು ಪೆಟ್ಟಿಗೆಯ ಸುತ್ತ ಕುಳಿತು ಸ್ತೋತ್ರ ಹಾಡುತ್ತಿದ್ದರೆ ಪೆಸಮಿನೊ ಹಿಂದಿನ ಅಡುಗೆಮನೆಯಲ್ಲಿ ಕಂಪ್ಯೂಟರ್ ಬಿಚ್ಚಿಕೊಂಡು ಕುಳಿತಿದ್ದ. ನಾನು ಹೋಗಿ ವಿಚಾರಿಸಿದೆ. ಅವನು ಬಹಳ ಗೌರವದಿಂದಲೇ ವಿವರಿಸಿದ. ವೈಯಕ್ತಿಕ ಜ್ಞಾನ ನಿರ್ವಹಣೆ ಎಂಬುದು ಅದರ ಹೆಸರು. ಓದಿದ್ದು, ಕೇಳಿದ್ದು, ಹೊಳೆದದ್ದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಪ್ರತಿಯೊಂದಕ್ಕೂ ಗುರುತು ಕಟ್ಟಿ, ಒಂದಕ್ಕೊಂದು ಕೊಂಡಿ ಬೆಸೆದು, ಬೇಕಾದಾಗ ಬೇಕಾದ್ದು ಸಿಗುವ ಹಾಗೆ ಇಟ್ಟುಕೊಳ್ಳುವುದನ್ನು ಕಲಿಸುತ್ತಾರಂತೆ. ಕಲಿಸುವವನು ಆಸ್ಟ್ರೇಲಿಯಾದ ಯಾವುದೋ ಊರಿನವನು. ಪರದೆಯ ಮೇಲೆ ಅವನನ್ನೂ ತೋರಿಸಿದ. ಹಲ್ಲು ಬಹಳ ಬಿಳಿ. ನೆನಪಿಟ್ಟುಕೊಳ್ಳುವ ಭಾರವನ್ನು ಇಳಿಸಿ ಹಗುರವಾಗಿ ಎಂದು ಅವನು ಹೇಳುತ್ತಿದ್ದ. ಮುಂದಿನ ದೊಡ್ಡ ಮನೆಯಲ್ಲಿ ನನ್ನ ಅಣ್ಣ, ಭಾರ ಹೊತ್ತು ಬದುಕಿದವನು, ಪೆಟ್ಟಿಗೆಯಲ್ಲಿ ಮಲಗಿದ್ದ. ಈ ಮನುಷ್ಯ ಇಳಿಸಿ ಎನ್ನುತ್ತಿದ್ದ.

ನಮ್ಮ ಅಕ್ಕ ಲುಪೆ ಕೆಸುವಿನ ಗಡ್ಡೆ ಹೆರೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. "ಇದಕ್ಕೆ ಸಂಬಳದಲ್ಲಿ ಎಷ್ಟು ಹೋಗುತ್ತೋ?" ಎಂದಳು. ಅವನು ಹೇಳಿದ. ಅದು ಖರ್ಚಲ್ಲ ಅತ್ತೆ, ಹೂಡಿಕೆ ಎಂದೂ ಸೇರಿಸಿದ.

"ಹೌದೌದು. ನಿಮ್ಮಪ್ಪ ಬಿಟ್ಟಿ ಕಲಿಸ್ತಾ ಇದ್ದ, ಅದಕ್ಕೇ ಹತ್ತಿಲ್ಲ. ದುಡ್ಡು ಕೊಟ್ರೆ ಹತ್ತುತ್ತೆ."

ಪೆಸಮಿನೊ ತಲೆ ತಗ್ಗಿಸಿದ. ನನಗೆ ಆಗ ಅವನ ಮೇಲೆ ಸ್ವಲ್ಪ ಕನಿಕರವೂ ಬಂತು, ಸುಳ್ಳು ಹೇಳಲಾರೆ. ಬರುವ ಊರಿನವರ ಮುಂದೆ ಕೋಲು ಹಿಡಿದು ನಿಲ್ಲಬೇಕಾದ ದಿನ ಬಂದುಬಿಟ್ಟಿತ್ತು, ಇವನಿಗೆ ಒಂದು ಮನೆತನವೂ ಬಾಯಿಗೆ ಬರುತ್ತಿರಲಿಲ್ಲ. ಹೀಗೆ ಹೆದರಿದವರನ್ನು ಹುಡುಕಿ ಮಾರುವವರು ಎಲ್ಲ ದೇಶದಲ್ಲೂ ಇದ್ದಾರೆ. ಹಿಂದೆ ಅವರು ಎಣ್ಣೆಯ ಸೀಸೆ ಹಿಡಿದು ಮನೆಮನೆಗೆ ಬರುತ್ತಿದ್ದರು. ಈಗ ಅಷ್ಟು ನಡೆಯುವ ಕಷ್ಟವೂ ಇಲ್ಲ.

ಬಂದ ಊರಿನವರನ್ನು ಸ್ವಾಗತಿಸುವ ಕೆಲಸವನ್ನು ನಾನೇ ಮಾಡಿದೆ. ಆದರೆ ನಮಗೆ ಮುಖ್ಯವಾಗಿ ಬರಬೇಕಾದವರು ನಮ್ಮ ತಾಯಿಯ ತವರಿನವರು, ಬಂಡೆಗಳಾಚೆಯ ಊರಿನವರು. ನಮ್ಮ ವಂಶದಲ್ಲಿ ತಾಯಿಯ ತವರಿನಿಂದ ಬಂದ ಬಟ್ಟೆಯಷ್ಟು ನವಿರಾದ ಚಾಪೆಯನ್ನು ಹೊದಿಸದೆ ಪೆಟ್ಟಿಗೆಯನ್ನು ಮಣ್ಣಿಗೆ ಇಳಿಸುವುದಿಲ್ಲ. ಹೊದಿಸದೆ ಇಳಿಸಿದರೆ, ಇವನು ತಾಯಿಯಿಲ್ಲದವನು ಎಂದಂತೆ. ಅದನ್ನು ತರಬೇಕಾದವನು ಸೆಮೀಸಿ, ನನ್ನ ಸೋದರಮಾವನ ಮಗ. ಮಂಗಳವಾರ ಸಂಜೆಯಾದರೂ ಅವನು ಬರಲಿಲ್ಲ. ಬುಧವಾರ ಅವರ ಊರಿನ ಪಾದ್ರಿ ಒಬ್ಬರೇ ಬಂದು, ಕೊಟ್ಟ ಕೊಕೊ ಮುಟ್ಟದೆ, ತಮ್ಮ ಫೋನನ್ನು ನನ್ನ ಕೈಗಿಟ್ಟರು.

ಅದರಲ್ಲಿ ಪೆಸಮಿನೊ ಪ್ರಕಟಿಸಿದ ಒಂದು ಪುಟವಿತ್ತು. ಕೋರ್ಸು ಸೇರುವ ಮುನ್ನ ರುಚಿಗೆಂದು ಪುಕ್ಕಟೆ ಕೊಡುವ ಪಾಠದಲ್ಲಿ ಆ ಬಿಳಿ ಹಲ್ಲಿನವನು, ನಿಮಗೆ ಗೊತ್ತಿರುವುದೊಂದನ್ನು ಇವತ್ತೇ ಲೋಕದ ಮುಂದಿಡಿ, ಹಂಚಿದ ಜ್ಞಾನವೇ ಬೆಳೆಯುತ್ತದೆ ಎಂದು ಹೇಳಿದ್ದನಂತೆ. ಇವನು ಅಪ್ಪನ ದನಿಯನ್ನು ಕಂಪ್ಯೂಟರಿಂದಲೇ ಬರಹ ಮಾಡಿಸಿ, ಹೆಸರಿಗೆ ಹೆಸರು ಕೊಂಡಿ ಹಾಕಿ, ಅಪ್ಪನ ನೆನಪಿಗೆ ಎಂದು ಮೇಲೆ ಬರೆದು, ಲೋಕದ ಮುಂದಿಟ್ಟಿದ್ದ. ನಮ್ಮ ಸೋದರಮಾವ, ಸೆಮೀಸಿಯ ತಂದೆ, ನಮ್ಮ ತಾಯಿಯ ತವರುಮನೆಯಲ್ಲಿ ಹುಟ್ಟಿದವನಲ್ಲ, ಎಳೆಗೂಸಾಗಿದ್ದಾಗ ಬೇರೆ ಮನೆಯಿಂದ ತಂದು ಸಾಕಿಕೊಂಡವನು ಎಂಬುದು ಅಲ್ಲಿ ಸ್ಪಷ್ಟವಾಗಿತ್ತು. ಎರಡೂ ಊರಿನ ಮುದುಕರಿಗೆ ಅದು ಗೊತ್ತಿದೆ. ಯಾರೂ ಆಡುವುದಿಲ್ಲ. ಪರರ ವಂಶದ ಮಾತನ್ನು ಬಯಲಲ್ಲಿ ಆಡುವುದು ನಮ್ಮಲ್ಲಿ ಮನೆಗೆ ಬೆಂಕಿಯಿಟ್ಟಷ್ಟು ದೊಡ್ಡ ತಪ್ಪು. ತಡಿಕೆ ಇಳಿಬಿಟ್ಟು ಕಲಿಸುವುದು ಬಿಸಿಲಿಗೆ ಹೆದರಿ ಅಲ್ಲ, ಮಾತು ಹೊರಗೆ ಹೋಗದಿರಲಿ ಎಂದು. ಇಷ್ಟನ್ನು ತಿಳಿಯಲು ಪೆಸಮಿನೊ ಕೇಳಿಸಿಕೊಂಡಿರಬೇಕಿತ್ತು. ಅವನ ಯಂತ್ರ ಅಪ್ಪನ ಮಾತುಗಳನ್ನೆಲ್ಲ ಹಿಡಿದಿತ್ತು, ಇಳಿಬಿದ್ದ ತಡಿಕೆಯನ್ನು ಹಿಡಿದಿರಲಿಲ್ಲ.

ಪೆಸಮಿನೊ ಕೂಡಲೇ ಆ ಪುಟ ತೆಗೆದ. ಅಷ್ಟರಲ್ಲಿ ಅಪಿಯಾದಿಂದ ಆಕ್ಲೆಂಡಿನವರೆಗೆ ನಮ್ಮವರೆಲ್ಲ ಅದನ್ನು ಓದಿ, ಇನ್ನೊಬ್ಬರಿಗೆ ಕಳಿಸಿ ಆಗಿತ್ತು.

ಉಳಿದದ್ದು ಒಂದೇ ದಾರಿ. ಗುರುವಾರ ನಸುಕಿಗೆ ನಾನೂ ಪೆಸಮಿನೊವೂ ಬಂಡೆಗಳನ್ನು ದಾಟಿ ಹೋಗಿ, ಸೆಮೀಸಿಯ ಮನೆಯ ಮುಂದಿನ ಜಲ್ಲಿಯ ಮೇಲೆ ತಲೆ ಬಾಗಿ ಕುಳಿತೆವು. ನಮ್ಮ ಮನೆಯ ಅತ್ಯುತ್ತಮ ಚಾಪೆಯನ್ನು ಇಬ್ಬರ ಮೇಲೂ ಹೊದ್ದುಕೊಂಡೆವು. ತಪ್ಪು ಮಾಡಿದವರು ಹೀಗೆಯೇ ಕೂರಬೇಕು. ಒಳಗಿನವರು ಬಂದು ಚಾಪೆ ತೆಗೆದರೆ ಕ್ಷಮೆ. ತೆಗೆಯದಿದ್ದರೆ ಕೂತೇ ಇರಬೇಕು. ಕಲ್ಲು ಬಿದ್ದರೂ ಏಳುವಂತಿಲ್ಲ. ಮನೆಯೊಳಗೆ ಜನ ಎದ್ದ ಸದ್ದು, ಬೆಳಗಿನ ಪ್ರಾರ್ಥನೆಯ ಸದ್ದು, ಪಾತ್ರೆಗಳ ಸದ್ದು ಕೇಳಿಸಿತು. ಯಾರೂ ಹೊರಗೆ ಬರಲಿಲ್ಲ. ಬಿಸಿಲು ಏರಿತು. ನನ್ನ ಮೊಣಕಾಲುಗಳು ಜಲ್ಲಿಗೆ ಅಂಟಿದಂತಾದವು. ಅಣ್ಣನನ್ನು ಬರಿಯ ಪೆಟ್ಟಿಗೆಯಲ್ಲಿ ಮಣ್ಣಿಗೆ ಹಾಕಿಸಬೇಡ ದೇವರೇ ಎಂದು ನಾನು ಮನಸ್ಸಿನಲ್ಲಿ ಬೇಡುತ್ತಿದ್ದೆ.

ಆಗ ಚಾಪೆಯ ಕೆಳಗೆ ಫೋನು ಗುಂಯ್‌ಗುಟ್ಟಿತು. ಪೆಸಮಿನೊ ಅದನ್ನು ಎದೆಯ ಬಳಿ ಹಿಡಿದು ನೋಡಿದ. ಆ ಬೆಳಕಿನಲ್ಲಿ ಅವನ ಮುಖ ಕಾಣಿಸಿತು.

"ಚಿಕ್ಕಪ್ಪ," ಎಂದು ಪಿಸುಗುಟ್ಟಿದ. "ಕೋರ್ಸಿನ ರಿಯಾಯಿತಿ ಇವತ್ತು ಬೆಳಿಗ್ಗೆಗೆ ಮುಗಿಯುತ್ತಂತೆ."

ನನ್ನ ನಾಲಿಗೆಯ ತುದಿಗೆ ಬಂದದ್ದು ಪ್ರಾರ್ಥನೆ ಮಾಡುವ ಬಾಯಿಂದ ಬರಬೇಕಾದ ಮಾತಾಗಿರಲಿಲ್ಲ. ಅವನು ಇನ್ನೂ ಪಿಸುಗುಟ್ಟಿದ. ಮೂರನೆಯ ಪಾಠವೇ ಯಾವುದನ್ನು ಗುಟ್ಟಾಗಿಡಬೇಕು ಎಂಬುದರ ಬಗ್ಗೆ ಇದೆಯಂತೆ. ಅದು ಮೊದಲೇ ಗೊತ್ತಿದ್ದರೆ ಹೀಗಾಗುತ್ತಿರಲಿಲ್ಲವಂತೆ.

"ಅದನ್ನ ನಿಮ್ಮಪ್ಪ ಮೊದಲನೇ ದಿನಾನೇ ಹೇಳಿದ್ದ ಕಣೋ," ಎಂದೆ.

"ಹೇಳಿರಬಹುದು ಚಿಕ್ಕಪ್ಪ. ನಂಗೆ ನೆನಪಿಲ್ವಲ್ಲ. ಅದಕ್ಕೇ."

ಹೆಬ್ಬೆರಳು ಒತ್ತಿದ ಸದ್ದು ಕೇಳಿಸಿತು. ಅಪ್ಪನ ಸಲುವಾಗಿ ಕ್ಷಮೆ ಬೇಡಲು ಕುಳಿತ ಚಾಪೆಯ ಕೆಳಗೆ ನನ್ನ ಅಣ್ಣನ ಮಗ ಕೋರ್ಸು ಕೊಂಡುಕೊಂಡ. ಅಭಿನಂದನೆ ತಿಳಿಸಲು ಫೋನು ಮತ್ತೊಮ್ಮೆ ಗುಂಯ್‌ಗುಟ್ಟಿತು. ನನ್ನ ವಯಸ್ಸಿನವನಿಗೆ ಹೇಸಿಗೆಯಾಗಲು ಹೆಚ್ಚೇನೂ ಉಳಿದಿರುವುದಿಲ್ಲ. ಆದರೂ ಹೇಸಿಗೆಯಾಯಿತು.

ಬಹಳ ಹೊತ್ತಿನ ಮೇಲೆ ಜಲ್ಲಿಯ ಮೇಲೆ ಹೆಜ್ಜೆಗಳು ಬಂದು ನಿಂತವು.

"ನಾನು ಆ ಮನೆಯವನಲ್ಲ ಅಂತ ನಿಮ್ಮ ಮಗ ಬರೆದಿದ್ದಾನೆ," ಎಂದಿತು ಸೆಮೀಸಿಯ ದನಿ. "ಹಾಗಾದ್ರೆ ಚಾಪೆ ಯಾರು ತರಬೇಕು ಭಾವ? ಅವನ ಕಂಪ್ಯೂಟರಾ?"

ನಾನು ತಲೆಯೆತ್ತಲಿಲ್ಲ. "ನಮ್ಮಮ್ಮ ನಿಮ್ಮಪ್ಪನ್ನ ಬೆನ್ನಮೇಲೆ ಹೊತ್ತು ಬೆಳೆಸಿದಾಳೆ, ತಮ್ಮ ಅಂತಲೇ ಕರೆದಿದಾಳೆ," ಎಂದೆ. "ಅವಳ ಬಾಯಿ ಮಾತು ದೊಡ್ಡದೋ, ಇವನ ಬರಹ ದೊಡ್ಡದೋ, ನೀನೇ ನೋಡು. ನೀನು ಬರದಿದ್ರೆ ನನ್ನ ಅಣ್ಣ ಬೆತ್ತಲೆ ಹೋಗ್ತಾನೆ."

ಅವನು ಬಾಗಿ ಚಾಪೆ ಎತ್ತಿದ. ಬೆಳಕು ಕಣ್ಣಿಗೆ ಹೊಡೆಯಿತು. ಅವನೂ ಅತ್ತಿದ್ದ, ಕಣ್ಣು ಊದಿತ್ತು. ನನ್ನ ಕೈಹಿಡಿದು ಎಬ್ಬಿಸಿದ. ಪೆಸಮಿನೊವಿನ ಕಡೆ ನೋಡಿ, "ಇವನು ಏಳಲಿ, ನನ್ನಿಂದ ಕೈ ಬೇಡ," ಎಂದಷ್ಟೇ ಹೇಳಿದ. ಪೆಸಮಿನೊ ತಾನೇ ಎದ್ದ.

ಅಂದು ಮಧ್ಯಾಹ್ನ ಸೆಮೀಸಿ ಇಡೀ ಊರನ್ನು ಕರೆದುಕೊಂಡು ಬಂದ. ಚಾಪೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಅಂಗಳವನ್ನು ದಾಟಿ, ಅಣ್ಣನ ಪೆಟ್ಟಿಗೆಗೆ ತಾನೇ ಹೊದಿಸಿದ. ಕೋಲು ಹಿಡಿದು ಪೆಸಮಿನೊ ಎದ್ದು ನಿಂತ. ಒಂದು ಹೆಸರೂ ಅವನ ಬಾಯಿಗೆ ಬರಲಿಲ್ಲ. ಯಾರೂ ಕೆಮ್ಮಲಿಲ್ಲ, ಅದು ಸತ್ತವನಿಗೆ ಕೊಟ್ಟ ಗೌರವ. ನಾನು ಅವನ ಕೈಯಿಂದ ಕೋಲು ತೆಗೆದುಕೊಂಡು ಆ ಮನೆತನವನ್ನು ಹೆಸರಿಸಿದೆ, ಸೆಮೀಸಿಯ ತಂದೆಯನ್ನು ಮೊದಲಿಗೆ ಹೆಸರಿಸಿದೆ. ನಂತರ, ನಮ್ಮ ಪದ್ಧತಿಯಂತೆ ಮನೆಯ ಮುಂದೆಯೇ ತೋಡಿದ ಗುಂಡಿಗೆ ಪೆಟ್ಟಿಗೆಯನ್ನು ಇಳಿಸಿದೆವು.

ತಂದೆಯೇ, ನಿನ್ನ ಸೇವಕ ಅಲಪಾಟಿ ತಾಯಿಯ ಮನೆಯ ಹೊದಿಕೆಯಲ್ಲಿ ನಿನ್ನ ಬಳಿ ಬರುತ್ತಿದ್ದಾನೆ. ಅವನು ಹೊತ್ತ ಹೆಸರುಗಳೆಲ್ಲ ನಿನ್ನವರ ಹೆಸರುಗಳೇ, ಅವುಗಳನ್ನು ನೀನು ಬಲ್ಲೆ. ಅವನ ದಣಿದ ನಾಲಿಗೆಗೆ ವಿಶ್ರಾಂತಿ ಕೊಡು. ಅವನ ಮಗನ ಮೇಲಿನ ನನ್ನ ಸಿಟ್ಟು ಅವನ ನಿದ್ದೆಯನ್ನು ಕಲಕದಿರಲಿ. ನಿನ್ನ ಸಮಾಧಾನದಲ್ಲಿ ಅವನನ್ನು ಮಲಗಿಸು. ಆಮೆನ್.