ನಡುಕೆರೆಯಲ್ಲಿ ನಿಲ್ಲುವ ದೋಣಿ

ಮೋಟಾರು ಮತ್ತೆ ನಡುಕೆರೆಯಲ್ಲಿ ನಿಂತಿತು. ಎರಡು ಸಲ ಕೆಮ್ಮಿತು, ಮುಕ್ಕರಿಸಿತು, ಆಮೇಲೆ ಸದ್ದಿಲ್ಲ. ಕಟ್ಟೆಯ ಮೇಲಿದ್ದ ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ, ಬಿಚ್ಚಿದೆ, ಮತ್ತೆ ಸಿಕ್ಕಿಸಿದೆ. ನನಗೆ ಸುಮ್ಮನೆ ನಿಲ್ಲುವುದಕ್ಕೆ ಬರುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ನಮ್ಮತ್ತೆ ಮುನಿಶಾಮಮ್ಮ ಹೇಳುತ್ತಾರೆ. ಚಕ್ರ ಇದ್ದೇನು ಪ್ರಯೋಜನ, ದೋಣಿ ನೀರಿನಲ್ಲಿತ್ತು.

ದೋಣಿಯಲ್ಲಿದ್ದವಳು ಸೆಲ್ವಿ, ನನ್ನ ಓರಗಿತ್ತಿ. ಕೆಜಿಎಫ್ ಕೋರಮಂಡಲ್‌ನ ಗಣಿ ಕೆಲಸಗಾರರ ಸಾಲುಮನೆಯಲ್ಲಿ ಹುಟ್ಟಿದವಳು, ಬಂಗಾರಪೇಟೆ ಸ್ಟೇಷನ್ ಮುಂದೆ ಆಟೋ ಓಡಿಸುತ್ತಿದ್ದವಳು. ನನ್ನ ಮೈದುನ ಮುನೀಂದ್ರ ದಿನಾ ಅದೇ ಆಟೋ ಹತ್ತಿ ಹತ್ತಿ, ಕೊನೆಗೆ ಆಟೋದವಳನ್ನೇ ಕಟ್ಟಿಕೊಂಡು ಬಂದ. ಊರು ಒಂದಷ್ಟು ದಿನ ಮೂಗು ಮುರಿಯಿತು. ನಮ್ಮತ್ತೆ ಅದಕ್ಕಿಂತ ಜಾಸ್ತಿ ದಿನ ಮುರಿದರು.

ನಾನು ಸೊಸೆಯಾಗಿ ಬಂದಾಗ ನಮ್ಮೂರ ಕೆರೆ ಹುಡುಗರು ಕ್ರಿಕೆಟ್ ಆಡುವ ಬಯಲಾಗಿತ್ತು. ಈಗ ತುಂಬಿದೆ. ಭಾನುವಾರ ಬಂದರೆ ಕೆಜಿಎಫ್ ಕಡೆಯಿಂದ, ಬಂಗಾರಪೇಟೆ ಕಡೆಯಿಂದ ಜನ ಬರೀ ನೀರು ನೋಡುವುದಕ್ಕೆ ಬರುತ್ತಾರೆ. ಅವರನ್ನು ಸುತ್ತಾಡಿಸೋಣ ಅಂತ ನಮ್ಮ ಸ್ತ್ರೀಶಕ್ತಿ ಸಂಘದವರು ಹಳೆಯದೊಂದು ದೋಣಿ ತಂದೆವು, ಹಿಂಬದಿಗೆ ಸಿಕ್ಕಿಸುವ ಮೋಟಾರಿನ ಸಮೇತ. ಪಂಚಾಯಿತಿಯವರು ಒಂದೇ ಷರತ್ತು ಹಾಕಿದರು. ಶುಕ್ರವಾರ ಬೆಳಿಗ್ಗೆ ಪಿಡಿಒ ಕಲ್ಪನ ಮೇಡಂ ಬಂದು ದೋಣಿಯಲ್ಲಿ ಕೂರುತ್ತಾರೆ. ಸೆಲ್ವಿ ಅವರನ್ನು ಆಚೆ ದಡ ಮುಟ್ಟಿಸಿ, ಎಲ್ಲೂ ನಿಲ್ಲದೆ ವಾಪಸ್ ತರಬೇಕು. ತಂದರೆ ದೋಣಿ ಬಿಡುವ ಅನುಮತಿ ನಮಗೆ, ಓಡಿಸುವವಳು ಸೆಲ್ವಿ. ನಿಂತರೆ ಅನುಮತಿ ಮೀನು ಹಿಡಿಸುವ ರಾಮಚಂದ್ರಪ್ಪನ ಗುಂಪಿಗೆ. ಅವತ್ತು ಗುರುವಾರ.

ಆ ರಾಮಚಂದ್ರಪ್ಪನೇ ಬೈಕಿನಲ್ಲಿ ಬಂದು ಕಟ್ಟೆಯ ಮೇಲೆ ನಿಂತ.

"ಏನಮ್ಮಾ ತ್ರಿವೇಣಿ, ನಿಮ್ ದೋಣಿ ಮಧ್ಯದಾಗೆ ತಪಸ್ಸಿಗೆ ಕುಂತದಾ?"

"ಮೋಟ್ರು ಒಸಿ ತೊಂದ್ರೆ ಕೊಡ್ತಾ ಅದೆ ಕಣಣ್ಣ."

"ಕುಣಿಯೋಕೆ ಬರ್ದಿದ್ದೋಳು ನೆಲ ಡೊಂಕು ಅಂದ್ಲಂತೆ. ಇರ್ಲಿ ಬುಡು. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ, ನಾಳೆ ನೋಡಾವ."

ಅವನು ಹೋದ ಮೇಲೆ ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತು. ಇವನೇ ಪೆಟ್ರೋಲಿಗೆ ಏನೋ ಬೆರೆಸಿದ್ದಾನೆ. ಇಲ್ಲದಿದ್ದರೆ ನಾಳೆಯ ಮೇಲೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ನಾಳೆ ಮೇಡಂ ಎದುರಿಗೇ ಅವನ ಕೊರಳಪಟ್ಟಿ ಹಿಡಿಯುತ್ತೇನೆ ಅಂದುಕೊಂಡೆ. ಅಂದುಕೊಂಡ ಮೇಲೆ ಸ್ವಲ್ಪ ಸಮಾಧಾನವಾಯಿತು.

ಅಷ್ಟರಲ್ಲಿ ಮೋಟಾರು ತಾನಾಗಿಯೇ ಎನ್ನುವಂತೆ ಮತ್ತೆ ಹತ್ತಿಕೊಂಡಿತು. ದಿನಾ ಇದೇ ಕಥೆ. ಹೊರಡುವಾಗ ಚೆನ್ನಾಗಿ ಓಡುತ್ತದೆ, ನಡುಕೆರೆಯಲ್ಲಿ ಏದುಸಿರು ಬಿಟ್ಟು ನಿಲ್ಲುತ್ತದೆ. ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದು ನೋಡಿ, ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಹಿಚುಕಿ, ಹಗ್ಗ ಎಳೆದರೆ ಪಾಪದ ಹಸುವಿನ ಹಾಗೆ ಮತ್ತೆ ಹೊರಡುತ್ತದೆ. ಸ್ವಲ್ಪ ದೂರ ಹೋಗಿ ಪುನಃ ನಿಲ್ಲುತ್ತದೆ.

ಅವತ್ತೇ ಬಂಗಾರಪೇಟೆಯಿಂದ ಮೆಕ್ಯಾನಿಕ್ ರೂಪೇಶನನ್ನು ಕರೆಸಿದೆವು. ಅವನ ಕೆಲಸ ಬೈಕು, ಪಂಪ್‌ಸೆಟ್. ದೋಣಿಯ ಮೋಟಾರು ಅವನಿಗೂ ಹೊಸದು, ಆದರೆ ಎಂಜಿನ್ನು ಎಂಜಿನ್ನೇ ಅಂದ. ಪ್ಲಗ್ ಬಿಚ್ಚಿ ಉಜ್ಜಿದ. ಕಾರ್ಬ್ಯುರೇಟರ್ ತೊಳೆದ. ನನ್ನ ಹುಳಕ್ಕಾಗಿ ಹಳೆ ಪೆಟ್ರೋಲ್ ಚೆಲ್ಲಿಸಿ ಹೊಸದು ತುಂಬಿಸಿದೆ. ರೂಪೇಶ ಅದನ್ನು ತುಂಬಿ, ಮುಚ್ಚಳವನ್ನು ಹಾಗೇ ಮೇಲಿಟ್ಟು, ನೀಲಿ ಡ್ರಮ್ಮಿಗೆ ನೀರು ಬಿಟ್ಟು, ದಡದಲ್ಲೇ ಅದರೊಳಗೆ ಮೋಟಾರು ಇಳಿಸಿ ಓಡಿಸಿದ. ನಾನು ಮನೆಗೆ ಹೋಗಿ ಅನ್ನಕ್ಕಿಟ್ಟು ಬಂದರೂ ಅದು ಓಡುತ್ತಲೇ ಇತ್ತು.

"ಎಂಜಿನ್ನು ಬೆಣ್ಣೆ ಅಂಗೈತಕ್ಕಾ," ಅಂದ ಕೈ ಒರೆಸಿಕೊಳ್ಳುತ್ತ. "ಓಡ್ಸೋರ ಕೈ ಒಸಿ ನೋಡ್ಕಳಿ."

ಸೆಲ್ವಿಯ ಮುಖ ನೋಡಿ ನನಗೇ ಅಳು ಬಂತು, ಅದನ್ನು ತಡೆಯುವುದಕ್ಕೆ ರೂಪೇಶನ ಮೇಲೆ ರೇಗಿದೆ. ಆಟೋ ಬಿಟ್ಟು ಬಂದ ಮೇಲೆ ಅವಳಿಗೆ ನಮ್ಮೂರಲ್ಲಿ ಒಂದು ಕೆಲಸ ಅಂತ ಸಿಕ್ಕಿದ್ದು ಇದೇ. ಮನೆಯಲ್ಲಿ ಅವಳು ಏನು ಮಾಡಿದರೂ ನಗೆಪಾಟಲು. ಅವಳಿಗೊಂದು ಚಾಳಿ ಇದೆ, ಕಂಡದ್ದಕ್ಕೆಲ್ಲ ಮುಚ್ಚಳ ಹಾಕುತ್ತಾಳೆ. ನೀರಿನ ಬಿಂದಿಗೆ, ಸಾರಿನ ಪಾತ್ರೆ ಸರಿ. ಉಪ್ಪಿನ ಮರಿಗೆ, ತೊಳೆದಿಟ್ಟ ಖಾಲಿ ಲೋಟ ಕೂಡ. "ಬುಟ್ರೆ ನನ್ ಬಾಯ್ಗೂ ಒಂದ್ ತಟ್ಟೆ ಮುಚ್ತಾಳೆ," ಅಂತ ನಮ್ಮತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

"ಈ ಸಲ ನಾನೂ ಬತ್ತೀನಿ, ನಡಿ," ಅಂದೆ.

ಮಧ್ಯಾಹ್ನ ಆಷಾಢದ ಗಾಳಿ ಎದ್ದಿತ್ತು. ಕಟ್ಟೆಯ ಕೆಮ್ಮಣ್ಣು ಹಾರಿ ನೀರಿನ ಮೇಲೆ ಬೀಳುತ್ತಿತ್ತು. ನಾನು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು ಕೂತೆ, ಪೆಟ್ರೋಲಿನ ಕೆಂಪು ಪ್ಲಾಸ್ಟಿಕ್ ಟ್ಯಾಂಕು ನನ್ನ ಕಾಲ ಹತ್ತಿರ ಇತ್ತು. ಸೆಲ್ವಿ ಹಗ್ಗ ಎಳೆದಳು. ಮೋಟಾರು ಹಾಡಿಕೊಂಡು ಹೊರಟಿತು. ನಾನು ಮೋಟಾರು ನೋಡಿದೆ, ನೀರು ನೋಡಿದೆ, ದಡ ನೋಡಿದೆ, ಎಲ್ಲೂ ಕಣ್ಣು ನಿಲ್ಲಲಿಲ್ಲ. ನಡುಕೆರೆ ಬಂತು. ಕೆಮ್ಮಿತು. ನಿಂತಿತು.

"ಪೆಟ್ರೋಲ್ ಇದೆ, ಪ್ಲಗ್ ಇದೆ, ನಾನೂ ಇದ್ದೀನಿ," ಅಂದಳು ಸೆಲ್ವಿ. "ಇದಕ್ಕೆ ಇನ್ನೇನಕ್ಕಾ ಬೇಕು? ನನ್ ಕೈಯೇ ಸರಿ ಇಲ್ಲ ಅಂತ ಒಪ್ಕೊಂಡ್ ಬಿಡ್ತೀನಿ."

ನಾನು ಟ್ಯಾಂಕು ನೋಡುತ್ತಿದ್ದೆ. ಅದರ ಎರಡೂ ಕೆನ್ನೆ ಒಳಕ್ಕೆ ಹೋಗಿದ್ದವು, ನಮ್ಮತ್ತೆ ಹಲ್ಲಿಲ್ಲದ ಬಾಯಲ್ಲಿ ಹುಣಸೆಹಣ್ಣು ಚೀಪುವಾಗ ಆಗುತ್ತದಲ್ಲ, ಹಾಗೆ. ರಬ್ಬರ್ ಉಂಡೆಯೂ ಚಪ್ಪಟೆಯಾಗಿತ್ತು. ಸೆಲ್ವಿ ಬಗ್ಗಿ ಮುಚ್ಚಳ ತಿರುಗಿಸಿದಳು. ಉಸ್ ಅಂತ ಸದ್ದಾಯಿತು, ಟ್ಯಾಂಕಿನ ಕೆನ್ನೆ ತುಂಬಿಕೊಂಡಿತು. ಒಳಗೆ ಇಣುಕಿ, ಮುಚ್ಚಳ ಹಾಕಿ, ಅವಳು ಬಟ್ಟೆಯಲ್ಲಿ ಅದರ ಮೇಲಿನ ಧೂಳು ಒರೆಸಿದಳು. ಮುಚ್ಚಳದ ನೆತ್ತಿಯ ಮೇಲೆ ಅಂಗಿಯ ಗುಂಡಿಯಷ್ಟು ಚಿಕ್ಕದೊಂದು ತಿರುಪು ಇತ್ತು. ಅದನ್ನೂ ಮುಟ್ಟಿ ನೋಡಿ ಗಟ್ಟಿಯಾಗಿ ಬಿಗಿದಳು.

"ಅದೇನೇ ಅದು ಬಿಗಿದಿದ್ದು?"

"ಯಾವ್ದು?"

"ಆ ಚಿಕ್ಕ ತಿರುಪು."

ಅವಳು ತನ್ನ ಕೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದಳು. "ಗೊತ್ತಿಲ್ಲಕ್ಕಾ. ಸಡಿಲ ಇದ್ರೆ ಧೂಳು ಹೋಗ್ತದೆ ಅಂತ... ದಿನಾ ಹೊರಡೋವಾಗ ಎಲ್ಲಾ ಒರೆಸಿ ಬಿಗೀತೀನಲ್ಲ."

"ರೂಪೇಶ ಡ್ರಮ್ಮಲ್ಲಿ ಓಡ್ಸಿದಾಗ?"

"ಅವ್ರು ಪೆಟ್ರೋಲ್ ಹಾಕಿ ಮುಚ್ಚಳ ಬಿಗೀದೆ ಹಾಗೇ ಬಿಟ್ಟಿದ್ರು. ನಾನು ಮುಟ್ಲಿಲ್ಲ."

ಎಣ್ಣೆ ಡಬ್ಬ ಒಡೆಯುವುದನ್ನು ನಾನು ಎಷ್ಟು ಸಲ ಮಾಡಿದ್ದೇನೆ! ಒಂದೇ ತೂತು ಮಾಡಿದರೆ ಎಣ್ಣೆ ಗಳಕ್ ಗಳಕ್ ಅಂದು ನಿಲ್ಲುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರೆ ತಾನೇ ಧಾರೆ ಬರುವುದು. ಒಳಗೆ ಗಾಳಿ ಹೋಗದೆ ಹೊರಗೆ ಏನೂ ಬರುವುದಿಲ್ಲ. ಆಟೋ ಟ್ಯಾಂಕಿಗೆ ಇಂಥ ತಿರುಪು ಇರುವುದಿಲ್ಲ, ದೋಣಿ ಮಾರಿದವನು ಹೇಳಲಿಲ್ಲ, ರೂಪೇಶನಿಗೂ ತೋಚಲಿಲ್ಲ.

"ಬಿಚ್ಚೇ ಅದನ್ನ," ಅಂದೆ. "ಟ್ಯಾಂಕು ಉಸ್ರು ಕಟ್ಟಿ ಸಾಯ್ತಾ ಅದೆ."

ತಿರುಪು ಸಡಿಲಿಸಿ, ಉಂಡೆ ಹಿಚುಕಿ, ಹಗ್ಗ ಎಳೆದಳು. ಆಚೆ ದಡಕ್ಕೆ ಹೋದೆವು, ತಿರುಗಿದೆವು, ಮತ್ತೆ ಹೋದೆವು. ಮೋಟಾರು ಒಮ್ಮೆಯೂ ಕೆಮ್ಮಲಿಲ್ಲ. ನಾನು ಕೇಕೆ ಹಾಕಿದೆ. ಸೆಲ್ವಿ ಮಾತ್ರ ನಗಲಿಲ್ಲ, ದಡದ ಹತ್ತಿರ ಮೋಟಾರು ನಿಲ್ಲಿಸಿ ಕೂತುಬಿಟ್ಟಳು.

"ನಮ್ಮನೆ ಎದುರಿಗೇ ಸೈನೈಡ್ ದಿಬ್ಬ ಅಕ್ಕಾ," ಅಂದಳು. ಚಿನ್ನ ತೆಗೆದು ಉಳಿದ ಮಣ್ಣನ್ನು ಗಣಿಯವರು ಗುಡ್ಡ ಹಾಕಿ ಹೋದದ್ದು ಅದು. ರೈಲಿನಲ್ಲಿ ಹೋಗುವಾಗ ನಾನೂ ನೋಡಿದ್ದೇನೆ, ಚೆಂದ ಇದೆ ಅಂದುಕೊಂಡಿದ್ದೇನೆ. "ಈ ಗಾಳಿ ಬಂದ್ರೆ ಸಾಕು, ಬಿಳೀ ಧೂಳು ಅನ್ನದೊಳಗೆ, ನೀರೊಳಗೆ. ಅಮ್ಮ ಕಿಟಕಿ ಸಂದಿಗೂ ಬಟ್ಟೆ ತುರುಕ್ತಿದ್ಳು. ಒಂದು ಮುಚ್ಚಳ ಮರೆತ್ರೆ ಬೆನ್ನಿಗೆ ಏಟು. ಸಾಯೋ ದಿನ ನೀರು ಕೊಟ್ಟೆ. ಎರಡು ಗುಟುಕು ಕುಡಿದು, ಲೋಟ ಕೆಳಗಿಟ್ಟು, 'ಮೂಡಿ' ಅಂದ್ಳು. ನಮ್ ತಮಿಳಲ್ಲಿ ಮುಚ್ಚಳ, ಅದನ್ನ ಕೇಳಿದ್ದು ಅಕ್ಕಾ. ಅದೇ ಕೊನೇ ಮಾತು."

ನಾನು ಇಷ್ಟು ವರ್ಷ ನಕ್ಕಿದ್ದು ಯಾವುದಕ್ಕೆ ಅಂತ ಆಗ ಗೊತ್ತಾಯಿತು. ನನಗೆ ತುಂಬ ನಾಚಿಕೆಯಾಯಿತು.

"ನಾಳೆನೂ ಈ ಕೈ ಹೋಗ್ತದೆ ಅಕ್ಕಾ," ಅಂದಳು. "ನಾನು ಬೇಡ ಅಂದ್ರೂ ಹೋಗ್ತದೆ. ಗಾಳಿ ಬಂದ್ರೆ ನಂಗೇ ಗೊತ್ತಾಗಲ್ಲ."

"ಓದ್ರೆ ಓಗ್ಲಿ. ನಾನಿಲ್ವಾ?"

ಸಂಜೆ ಅತ್ತೆಗೆ ತಿರುಪಿನದು, ಸೆಲ್ವಿಯ ಅಮ್ಮನದು, ಎಲ್ಲ ಹೇಳಿದೆ. ಅವರು ಕಾಳು ಬಿಡಿಸುತ್ತಾ ಕೇಳಿಸಿಕೊಂಡರು.

ಶುಕ್ರವಾರ ಗಾಳಿ ಇನ್ನೂ ಜೋರಿತ್ತು. ಕಟ್ಟೆಯ ಮೇಲೆ ಅರ್ಧ ಊರು. ರಾಮಚಂದ್ರಪ್ಪ ಮುಂದುಗಡೆಯೇ ಜಾಗ ಹಿಡಿದಿದ್ದ. ಅವನ ಮೇಲೆ ಕೂಗಾಡಬೇಕೆಂದು ಕೂಡಿಸಿಟ್ಟ ಮಾತೆಲ್ಲ ನನ್ನ ಬಾಯಲ್ಲೇ ಉಳಿದಿತ್ತು, ನುಂಗಿಕೊಂಡೆ. ಕಲ್ಪನ ಮೇಡಂ ದುಪಟ್ಟಾ ತಲೆಗೆ ಸುತ್ತಿಕೊಂಡು ಮುಂದೆ ಕೂತರು. ನಾನು ಟ್ಯಾಂಕಿನ ಪಕ್ಕದಲ್ಲಿ ಕೂತು, ಸಡಿಲಿಸಿದ ತಿರುಪಿನ ಮೇಲೆ ಅಂಗೈಯನ್ನು ಗೂಡು ಮಾಡಿ ಇಟ್ಟೆ. ಹುಟ್ಟಿದಾಗಿನಿಂದ ನಾನು ಅಷ್ಟು ಹೊತ್ತು ಅಲ್ಲಾಡದೆ ಕೂತದ್ದು ಅದೇ ಮೊದಲು.

ನಡುಕೆರೆಯಲ್ಲಿ ಗಾಳಿ ಬೀಸಿ ಬಂತು. ಕೆಂಪು ಧೂಳು ಕಣ್ಣಿಗೆ ಹೊಡೆಯಿತು. ಸೆಲ್ವಿ ಮುಂದೆ ದಡವನ್ನೇ ನೋಡುತ್ತಿದ್ದಳು. ಅವಳ ಬಲಗೈ ಮಾತ್ರ ತಾನೇ ಇಳಿದು ಬಂತು, ಮುಚ್ಚಳ ಹುಡುಕಿತು, ನನ್ನ ಕೈ ಸಿಕ್ಕಿತು. ಒಂದು ಕ್ಷಣ ನನ್ನ ಬೆರಳನ್ನೇ ತಿರುಪು ಅಂತ ಬಿಗಿಯಿತು. ಆಮೇಲೆ ಅವಳಿಗೆ ತಿಳಿಯಿತು. ಕೈ ತೆಗೆಯಲಿಲ್ಲ, ಹಾಗೇ ಹಿಡಿದುಕೊಂಡಳು.

"ಯಾಕ್ರೀ, ಮುಚ್ಚಳ ಸರಿ ಇಲ್ವಾ?" ಅಂದರು ಮೇಡಂ.

"ಸರಿ ಇದೆ ಮೇಡಂ," ಅಂದಳು ಸೆಲ್ವಿ. "ತಿರುಪು ಮುಚ್ಚಿದ್ರೆ ಇದಕ್ಕೆ ಗಾಳಿ ಸಿಗಲ್ಲ, ನಿಂತ್ಬಿಡ್ತದೆ. ನಿನ್ನೆವರೆಗೂ ನಾನೇ ಮುಚ್ತಾ ಇದ್ದೆ."

ಮೇಡಂ ತಲೆಯಾಡಿಸಿ ನೀರಿನ ಕಡೆ ತಿರುಗಿದರು. ಆಚೆ ದಡ ಮುಟ್ಟಿದೆವು, ತಿರುಗಿದೆವು, ಒಂದೇ ಸದ್ದಿನಲ್ಲಿ ವಾಪಸ್ ಬಂದೆವು. ರಾಮಚಂದ್ರಪ್ಪ ಬೈಕು ಒದೆಯುತ್ತಿದ್ದ. ಮೇಡಂ ಇಳಿಯುತ್ತಾ, "ಭಾನುವಾರದಿಂದಲೇ ಶುರು ಮಾಡಿ," ಅಂದರು.

ಸಂಘದವರು ಸೆಲ್ವಿಯನ್ನು ಮುತ್ತಿಕೊಂಡರು. ಅವರನ್ನೆಲ್ಲ ಮೊಣಕೈಯಲ್ಲಿ ತಳ್ಳಿಕೊಂಡು ನಮ್ಮತ್ತೆ ಬಂದರು, ಕೈಯಲ್ಲಿ ನೀರಿನ ಲೋಟ. ಆ ಗಾಳಿಯಲ್ಲಿ ಮನೆಯಿಂದ ಕಟ್ಟೆಯವರೆಗೆ ಅದನ್ನು ಹುಷಾರಾಗಿ ಹಿಡಿದುಕೊಂಡು ಬಂದಿದ್ದರು.

"ತಗಾ, ಕುಡಿ," ಅಂದರು.

ಲೋಟದ ಮೇಲೆ ಒಂದು ಪುಟ್ಟ ತಟ್ಟೆ ಮುಚ್ಚಿತ್ತು.