ಖಾಲಿ ಹಣಿಗೆ

ಮಗ್ಗದ ಮನೆ ಸುಟ್ಟುಹೋದ ಮೇಲೆ ಬೆಂಕಿಗಿಂತ ಹೆಚ್ಚು ಕಾಟ ಕೊಟ್ಟವರು ನನಗೆ ಸಮಾಧಾನ ಹೇಳಲು ಬಂದವರು. ಒಬ್ಬರಾದ ಮೇಲೊಬ್ಬರು ಬಂದರು. ಬಂದವರೆಲ್ಲ ಕರಿಗಟ್ಟಿದ ಗೋಡೆಯನ್ನು ಮುಟ್ಟಿ ನೋಡಿ, ಬೆರಳಿಗೆ ಹತ್ತಿದ ಮಸಿಯನ್ನು ನನ್ನ ಜಗಲಿಗೇ ಒರೆಸಿ, "ಹೋಗ್ಲಿ ಬುಡು ಯತ್ತಪ್ಪ, ಜೀವ ಉಳೀತಲ್ಲ" ಅಂದರು. ಜೀವ ಉಳಿದದ್ದು ನನಗೂ ಗೊತ್ತಿತ್ತು. ಸತ್ತಿದ್ದರೆ ಇವರ ಮಾತು ಕೇಳುವ ಕರ್ಮವಾದರೂ ತಪ್ಪುತ್ತಿತ್ತು.

ಅದು ಎಪ್ಪತ್ತೊಂಬತ್ತನೇ ಇಸವಿಯ ಆಷಾಢ. ಸಿರಾಕ್ಕೆ ಆರು ಮೈಲಿ ದೂರದ ನಮ್ಮೂರಲ್ಲಿ ಕಂಬಳಿ ಮಗ್ಗ ಅಂತ ಉಳಿದಿದ್ದು ನಮ್ಮದೊಂದೇ. ಎದುರು ಮನೆಯ ಮುದ್ದಪ್ಪ ಮಗ್ಗ ಕಿತ್ತುಹಾಕಿ, ನೇಯುವವನು ಕಾಲಿಳಿಬಿಡುವ ಕುಣಿ ಮುಚ್ಚಿ, ಆ ಜಾಗದಲ್ಲಿ ಎಮ್ಮೆ ಕಟ್ಟಿ ಮೂರು ವರ್ಷವಾಗಿತ್ತು. ಮಗ್ಗದ ಉದ್ದಕ್ಕೆ ಬಿಗಿಯುವ ಹಾಸಿನ ಎಳೆಗೆ ಗಂಜಿ ಬಳಿಯದೆ ಕಂಬಳಿ ನೇಯಲಾಗದು. ಗಂಜಿಗೆ ಹುಣಸೆಬೀಜ ಹುರಿಯಬೇಕು. ಹುರಿಯುವ ಕೆಲಸ ಯಾವಾಗಲೂ ಅಂಗಳದಲ್ಲೇ ಆಗುತ್ತಿತ್ತು. ಆವತ್ತು ಗಾಳಿಗೆ ಒಲೆ ನಿಲ್ಲಲಿಲ್ಲ. "ನಾಳೀಕ್ ಹುರಿಯಾನ, ಏನ್ ಊರು ಮುಳುಗೋಯ್ತದಾ" ಅಂದಳು ನನ್ನ ಹೆಂಡತಿ ರಂಗಕ್ಕ. ಹೆಂಗಸು ಹೇಳಿದ್ದನ್ನು ಕೇಳಿದರೆ ನಾನೆಂಥ ಗಂಡಸು? ಒಲೆಯನ್ನು ಹೊತ್ತು ತಂದು ಮಗ್ಗದ ಮನೆಯೊಳಗೆ, ಉಣ್ಣೆ ರಾಶಿಯ ಪಕ್ಕ ಇಟ್ಟವನು ನಾನೇ. ಬಿಸಿ ಬಾಣಲೆಯಲ್ಲಿ ಬೀಜ ಸಿಡಿಯುತ್ತವೆ, ಒಲೆಯ ಕೆಂಡ ಎಗರುತ್ತದೆ ಎಂಬುದು ನಮ್ಮ ಕಸುಬಿನ ಎಳೆಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಇಟ್ಟೆ, ಇಟ್ಟು ಹೊರಗೆ ಹೋಗಿ ಎಳೆ ಬಿಡಿಸುತ್ತಾ ಕೂತೆ.

ಉಣ್ಣೆ ಉರಿಯುವುದಿಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ಅದರ ನಾತ ಮೂಗಿಗೆ ಬಡಿದಾಗ ನಾನು ರಂಗಕ್ಕನ ಮೇಲೆ ರೇಗಿದೆ, ಬೀಜ ಸೀಯಿಸಿಬಿಟ್ಟಳು ಅಂತ. ಅವಳು ಬಾವಿಗೆ ಹೋಗಿ ಆಗಲೇ ಗಳಿಗೆಯಾಗಿತ್ತು. ಎದ್ದು ನೋಡುವಷ್ಟರಲ್ಲಿ ಹುಲ್ಲಿನ ಸೂರು ಹತ್ತಿಕೊಂಡಿತ್ತು. ಜನ ಓಡಿ ಬಂದರು. ಜಗಲಿಯ ಮೇಲೆ ನೇಯ್ದಿಟ್ಟಿದ್ದ ಏಳು ಕಂಬಳಿಗಳನ್ನು ಬಾಚಿಕೊಂಡು, ತೊಟ್ಟಿಯಲ್ಲಿ ಅದ್ದಿ, ಎತ್ತಿ ಹೊದಿಸಿದರು. ಎಲ್ಲಿಗೆ? ಮುದ್ದಪ್ಪನ ಸೂರಿಗೆ! ನನ್ನ ಮಗ್ಗದ ಮನೆ ಹೋಗೇಬಿಟ್ಟಿತು, ಎದುರಿನದಾದರೂ ಉಳಿಯಲಿ ಎಂಬ ಲೆಕ್ಕಾಚಾರ. ನ್ಯಾಯವೇ ಇರಬಹುದು. ಆದರೆ ಮುದ್ದಪ್ಪ ಮಾರನೇ ದಿನ ಬಂದು, "ನಿನ್ ಕಂಬ್ಳಿ ಗಟ್ಟಿ ಕಣ್ಲಾ, ನಮ್ಮನೇನೇ ಉಳಿಸ್ತು" ಅಂದಾಗ ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅವನ ಎಮ್ಮೆ ಕೂಡ ಸುಖವಾಗಿತ್ತು.

ಹೋದದ್ದೆಲ್ಲ ತಿರುಗಿ ಬಂತು, ಅದು ಬೇರೆ ಕಥೆ. ಊರವರು ಸೇರಿ ಗೋಡೆ ಸಾರಿಸಿ ಸೂರು ಕಟ್ಟಿಕೊಟ್ಟರು. ಯಾರೋ ಮಗ್ಗಕ್ಕೆಂದು ಬೇವಿನ ಮರ ಕಡಿದು ತಂದರು. ಹೆಂಗಸರು ಮನೆಗಿಷ್ಟು ಅಂತ ಉಣ್ಣೆ ನೂತು ಕೊಟ್ಟರು. ಸಿರಾದ ಉಣ್ಣೆ ಸೊಸೈಟಿಯ ಸೆಕ್ರೆಟರಿ ಬಸವಲಿಂಗಯ್ಯನವರು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊಸ ಹಣಿಗೆಯನ್ನೇ ತಂದರು. ಎಳೆಗಳು ಒಂದೊಂದಾಗಿ ಹಲ್ಲುಗಳ ನಡುವೆ ಹಾದು ಬರುವ, ನೇಯ್ದದ್ದನ್ನು ಬಡಿದು ಕೂಡಿಸುವ ಬಾಚಣಿಗೆಯೇ ಹಣಿಗೆ. "ಇನ್ನೇನು ಯತ್ತಪ್ಪ, ಕೂತ್ಕೊಂಡು ನೇಯೋದೊಂದೇ ಬಾಕಿ" ಅಂದರು ಅವರು. ರಂಗಕ್ಕ ಅವರಿಗೆ ಮಜ್ಜಿಗೆ ಕೊಟ್ಟಳು. ನಾನು ಆ ಹಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತೆ. ಅದು ಖಾಲಿ ಇತ್ತು.

ನನ್ನ ಹಣೆಬರಹ ಇಲ್ಲಿದೆ, ಇದನ್ನು ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಹಣಿಗೆಯನ್ನು ಯಾವತ್ತೂ ಖಾಲಿ ಮಾಡುವ ಪದ್ಧತಿ ಇರಲಿಲ್ಲ. ಒಂದು ಹಾಸು ಮುಗಿದರೆ ಕಂಬಳಿ ಕುಯ್ದುಕೊಂಡು, ಹಣಿಗೆಯಲ್ಲೂ ಅದರ ಹಿಂದೆ ಎಳೆ ಎತ್ತಿ ಇಳಿಸುವ ನೂಲಿನ ಕುಣಿಕೆಗಳಲ್ಲೂ ಗೇಣುದ್ದ ಎಳೆ ಹಾಗೇ ಬಿಡುತ್ತಿದ್ದೆವು. ಹೊಸ ಹಾಸಿನ ಎಳೆಯನ್ನು ಆ ಹಳೇ ಎಳೆಗೆ ಒಂದಕ್ಕೊಂದು ಹೊಸೆದು ಎಳೆದುಕೊಂಡರೆ ಆಯಿತು, ತಾನಾಗಿ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಅಪ್ಪ ಹಾಗೇ ಮಾಡಿದ, ಅವರಪ್ಪ ಹಾಗೇ ಮಾಡಿದ. ಮೊದಲನೇ ಸಲ ಅದನ್ನು ತುಂಬಿದವನು ಯಾರೋ, ಯಾವ ಕಾಲದವನೋ. ನಾನು ಮೂವತ್ತು ವರ್ಷ ಕಂಬಳಿ ನೇಯ್ದಿದ್ದೆ. ನಾನು ನೇಯ್ದದ್ದನ್ನು ಹೊದ್ದವರು ಮಧುಗಿರಿ, ಕೊರಟಗೆರೆ ಸೀಮೆಯಲ್ಲೆಲ್ಲ ಇದ್ದರು. ಆದರೆ ಖಾಲಿ ಹಣಿಗೆ ತುಂಬಿ, ಕುಣಿಕೆ ಕಟ್ಟುವುದು ನನಗೆ ಬರುತ್ತಿರಲಿಲ್ಲ.

ಬರುವುದಿಲ್ಲ ಅಂತ ಹೇಳುವುದಕ್ಕಿಂತ ಜಗಳ ಆಡುವುದು ಸುಲಭ. ಬೇವಿನ ಮರ ಹಸಿ ಅಂದೆ. ಕುಣಿ ಆಳವಾಯಿತು, ಕಾಲು ಸಿಗಲ್ಲ ಅಂದೆ. ನೂಲು ದಪ್ಪ, ಇದೇನು ಹಗ್ಗ ಹೊಸೆದಿದ್ದೀರಾ ಅಂತ ಹೆಂಗಸರಿಗೆ ಅಂದೆ. ಅವರು ನನ್ನ ಮುಖಕ್ಕೇ ನಕ್ಕು ಹೋದರು. ಮುದ್ದಪ್ಪನನ್ನು ಕೇಳೋಣವೆಂದರೆ ಅವನದೂ ನಮ್ಮಂಥದ್ದೇ ಮನೆ, ಅವನ ಹಣಿಗೆ ಎಂದೋ ಒಲೆಗೆ ಹೋಗಿತ್ತು. ಬಾಗಿಲು ಹಾಕಿಕೊಂಡು ಎರಡು ಸಲ ನಾನೇ ತುಂಬಲು ಕೂತೆ. ಮೊದಲ ಸಲ ಕುಣಿಕೆ ಒಂದು ಉದ್ದ ಒಂದು ಗಿಡ್ಡ ಆಗಿ, ಎಳೆ ಎತ್ತಿದರೆ ಅರ್ಧ ಮೇಲೆ ಅರ್ಧ ಕೆಳಗೆ ನಿಂತವು, ಲಾಳಿ ತೂರಲು ದಾರಿಯೇ ಇಲ್ಲ. ಎರಡನೇ ಸಲ ಎಲ್ಲೋ ನಡುವೆ ಎಳೆ ಹೆಣೆದುಕೊಂಡು, ಎಲ್ಲಿ ತಪ್ಪಿದೆ ಅಂತ ಹುಡುಕಿ ಹುಡುಕಿ ತಲೆ ಚಿಟ್ಟು ಹಿಡಿದು, ಕುಡುಗೋಲಿನಲ್ಲಿ ಎಲ್ಲವನ್ನೂ ಕೊಚ್ಚಿ ಹಾಕಿದೆ.

ಆ ಕೊಚ್ಚಿದ ನೂಲನ್ನು ರಂಗಕ್ಕ ಗುಡಿಸುತ್ತಿದ್ದವಳು ಕಸಪೊರಕೆ ನಿಲ್ಲಿಸಿದಳು. "ನಿಂಗೆ ತುಂಬಾಕ್ ಬರಕಿಲ್ಲ, ಅಲ್ವಾ?" ಅಂದಳು.

ನಾನು ಕುಡುಗೋಲನ್ನು ಸೂರಿಗೆ ಸಿಕ್ಕಿಸಿದೆ.

"ಒಂದ್ ತಿಂಗ್ಳಿಂದ ಊರೋರ್ನೆಲ್ಲ ಬೈಕೊಂಡ್ ತಿರುಗ್ದೆ. ಇಷ್ಟೇನಾ?"

"ಇಷ್ಟೇನಾ ಅಂತೀಯಲ್ಲ, ಇದು ಕಮ್ಮೀನಾ?" ಅಂತ ಕೂಗಿದೆ.

"ನಿಮ್ಮಕ್ಕಂಗೆ ಬತ್ತದೆ" ಅಂದಳು. ಅಂದು, ಗುಡಿಸುವುದನ್ನು ಮುಂದುವರಿಸಿದಳು.

ಅದು ನನಗೂ ಗೊತ್ತಿತ್ತು. ಗೊತ್ತಿದ್ದುದಕ್ಕೇ ತಿಂಗಳಿಂದ ಅವಳ ಹೆಸರು ಬಾಯಿಗೆ ತಂದಿರಲಿಲ್ಲ. ನನ್ನ ಅಕ್ಕ ಜುಂಜಮ್ಮನನ್ನು ಪಾವಗಡದ ಆ ಕಡೆ, ಕ್ಯಾತಗಾನಚೆರ್ಲಿಗೆ ಕೊಟ್ಟಿತ್ತು. ಹನ್ನೆರಡು ವರ್ಷದ ಹಿಂದೆ ಅವಳ ಗಂಡನ ಮನೆ ಪಾಲಾಗಿ, ಹಣಿಗೆ ಮೈದುನನ ಪಾಲಿಗೆ ಹೋಯಿತು. ಅವಳು ಎರಡು ಬಸ್ಸು ಹತ್ತಿ ತವರಿಗೆ ಬಂದಳು. ನಮ್ಮ ಮಗ್ಗದ ಮನೆಯ ಅಟ್ಟದಲ್ಲಿ ತಾತನ ಕಾಲದ ಇನ್ನೊಂದು ಹಣಿಗೆ, ಎಳೆ ಕುಣಿಕೆ ಸಮೇತ, ಬಟ್ಟೆ ಸುತ್ತಿ ಸುಮ್ಮನೆ ತೂಗುತ್ತಿತ್ತು. ಅದನ್ನು ಕೊಡು ಅಂದಳು. ನಾನು, "ಈ ಮನೆ ಎಳೆ ಹೊಸಲು ದಾಟಲ್ಲ. ಕೊಟ್ಟ ಹೆಣ್ಣಿಗೆ ಕೊಡೋದು ಕೊಟ್ಟಾಯ್ತು" ಅಂದೆ. ಮುದ್ದೆ ಬಡಿಸಿದ್ದ ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಹೋದಳು. ಆಮೇಲೆ ಅಪ್ಪ ನೇಯ್ದ ಒಂದು ಹಳೇ ಕಂಬಳಿಯನ್ನು ಎಳೆ ಎಳೆಯಾಗಿ ಬಿಚ್ಚಿ, ಎಣಿಸಿ, ಮೂರು ತಿಂಗಳು ಒದ್ದಾಡಿ ಖಾಲಿ ಹಣಿಗೆಯನ್ನು ತಾನೇ ತುಂಬಿದಳು ಎಂಬ ಸುದ್ದಿ ಬಂತು. ಹೆಂಗಸು ಮಗ್ಗ ತುಂಬೋದಂತೆ ಎಂದು ನಾನು ನಕ್ಕಿದ್ದೆ.

ಆ ಅಟ್ಟದ ಹಣಿಗೆಯೂ ಬೆಂಕಿಗೆ ಹೋಯಿತು. ಅವತ್ತು ಕೊಟ್ಟಿದ್ದರೆ ಇವತ್ತು ಅದು ಅವಳ ಮನೆಯಲ್ಲಿ ಬದುಕಿರುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಮಾರನೇ ದಿನ ಹೊರಟೆ. ಎಲ್ಲಿಗೆ ಅಂತ ರಂಗಕ್ಕ ಕೇಳಲಿಲ್ಲ, ಬುತ್ತಿ ಕಟ್ಟಿಕೊಟ್ಟಳು. ಆ ಖಾಲಿ ಹಣಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಜೊತೆಗಿಟ್ಟುಕೊಂಡೆ. ಅಳತೆ ಸರಿಯಿದೆಯಾ ನೋಡಲು ಬಂದೆ ಅನ್ನುವುದು ನಾನು ಹೊಂದಿಸಿಕೊಂಡ ಸುಳ್ಳು. ಮಧುಗಿರಿಯಲ್ಲಿ ಇಳಿದು ಪಾವಗಡದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಮುದುಕ ಟವೆಲ್ಲಿನ ತುದಿ ಸರಿಸಿ ಅದೇನು ಅಂದ. ಹಣಿಗೆ ಅಂದೆ. "ಖಾಲಿ ಐತಲ್ಲ" ಅಂದ. ಅವನಿಗೂ ಕಣ್ಣು ಕಾಣುತ್ತಿತ್ತಲ್ಲ ಅಂತ ನನಗೆ ಸಿಟ್ಟು ಬಂತು.

ನಾನು ಹೋದಾಗ ಅಕ್ಕ ಜಗಲಿಯ ಪಕ್ಕದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ತಲೆ ಪೂರ್ತಿ ನೆರೆತಿತ್ತು. ಭಾವ ಕುರಿ ಹಿಂದೆ ಹೋಗಿದ್ದ. ನನ್ನನ್ನು ನೋಡಿ ಲಾಳಿ ನಿಲ್ಲಿಸಿದಳು, ಏಳಲಿಲ್ಲ.

"ಏಮಿ ತಮ್ಮುಡೂ, ದಾರಿ ತಪ್ಪಿ ಬಂದ್ಬುಟ್ಟಾ?" ಅಂದಳು. ಆ ಸೀಮೆಗೆ ಹೋಗಿ ಅವಳ ಬಾಯಿಗೆ ತೆಲುಗು ಸೇರಿಕೊಂಡಿತ್ತು. "ಬೆಂಕಿ ಬಿದ್ದದ್ದು ಕೇಳ್ದೆ. ಬರಾನ ಅಂತ ಎರಡ್ ಸಲ ಬಸ್ಟಾಂಡ್ ತಂಕ ಬಂದೆ, ಕಾಲ್ ಬರಲಿಲ್ಲ."

ನಾನು ಜಗಲಿ ಮೇಲೆ ಕೂತು ಟವೆಲ್ಲು ಬಿಚ್ಚಿದೆ. "ಸೊಸೈಟಿಯೋರು ಕೊಟ್ರು. ಅಳತೆ ಸರೀಗೈತಾ ನೋಡು."

ಅವಳು ಹಣಿಗೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. "ಅಪ್ಪನ ಹಣಿಗೇಲಿ ಎಳೆ ಎಷ್ಟು?" ಅಂದಳು.

ಮೂವತ್ತು ವರ್ಷ ಅದರ ಮುಂದೆ ಕೂತವನು ನಾನು. ಒಂದು ದಿನವೂ ಎಣಿಸಿರಲಿಲ್ಲ.

"ನಾನೂರ ಎಂಬತ್ತು" ಅಂದಳು ಅವಳೇ. "ಮೂರ್ ತಿಂಗ್ಳು ಎಣಿಸಿದೀನಿ, ಮರೆಯಲ್ಲ."  ಅವಳ ಮುಂದೆ ಅರ್ಧ ನೇಯ್ದ ಕಂಬಳಿ ಇತ್ತು, ಕರಿಯ ಮೈ, ಅಂಚಿಗೆ ಬಿಳಿ. ಆಮೇಲೆ ಪಕ್ಕದಲ್ಲಿದ್ದ ಚೂರಿ ತಗೊಂಡು, ಹಣಿಗೆಯಿಂದ ಗೇಣು ಬಿಟ್ಟು, ಆ ಅರ್ಧ ಕಂಬಳಿಯನ್ನು ಅಡ್ಡಕ್ಕೆ ಕುಯ್ಯತೊಡಗಿದಳು.

ನಾನು ಎದ್ದು ನಿಂತೆ. "ಏನ್ ಮಾಡ್ತಿದೀಯಾ? ಯಾರ್ ಹೇಳಿದ್ರು ಕುಯ್ಯಾಕೆ?"

ಅವಳು ಈ ಕೊನೆಯಿಂದ ಆ ಕೊನೆಗೆ ಕುಯ್ದು, ಹಿಂದಿನ ಎಳೆಯನ್ನೂ ಕುಯ್ದು, ಹಣಿಗೆಯನ್ನು ಕುಣಿಕೆಗಳ ಸಮೇತ ಎತ್ತಿ ನನ್ನ ಕೈಗಿಟ್ಟಳು. ಎರಡು ಕಡೆಯೂ ಗೇಣುದ್ದ ಎಳೆ ಇಳಿಬಿದ್ದಿತ್ತು. ಒಂದೂ ಜಾಗ ತಪ್ಪಿರಲಿಲ್ಲ.

"ತಗೊಂಡ್ ಹೋಗು. ಮನೆಗೋಗಿ ಹೊಸ್ಕೊ. ಆ ಖಾಲೀದು ಇಲ್ಲಿಟ್ಟೋಗು."

"ನಿನ್ ಮಗ್ಗ ನಿಂತೋಯ್ತಲ್ಲ ಅಕ್ಕ!" ಅಂತ ಕೂಗಿದೆ. ನನಗೆ ಬೇಕಾದ್ದು ಕೈಗೆ ಸಿಕ್ಕಿತ್ತು, ಆದರೂ ಯಾರೋ ನನ್ನಿಂದ ಏನನ್ನೋ ಕಿತ್ತುಕೊಂಡ ಹಾಗೆ ಅಷ್ಟು ಸಿಟ್ಟು ಬಂದಿತ್ತು. "ನಾನೇನ್ ಕೇಳಿದ್ನಾ? ಬಾಯ್ಬಿಟ್ಟು ಕೇಳಿದ್ನಾ ನಿನ್ನ?"

"ಕೇಳಲ್ಲ ನೀನು. ಕೇಳೋ ಬಾಯಲ್ಲ ಅದು." ಅವಳು ಖಾಲಿ ಹಣಿಗೆಯನ್ನು ಎತ್ತಿಕೊಂಡು ಬೆರಳಿಂದ ಹಲ್ಲು ಸವರಿದಳು. "ನಿಂತೋದ್ರೆ ಏನೀಗ, ಖಾಲಿ ಹಣಿಗೆ ತುಂಬಾದು ನಂಗೆ ಬತ್ತದೆ. ನಿಂಗೆ ಬರಲ್ಲ. ನಂಗೆ ಕಲಿಸ್ದೋನು ನೀನೇ ಅಲ್ವಾ ತಮ್ಮುಡೂ."

ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸುಮ್ಮನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಂತೆ ಹೇಳಿದಳು. ನಾನು ಆಚೆ ತಿರುಗಿ ಮೂಗು ಒರೆಸಿಕೊಂಡೆ. ಬೆಂಕಿ ಬಿದ್ದ ದಿನ ಅತ್ತಿರಲಿಲ್ಲ, ಆ ಜಗಲಿಯ ಮೇಲೆ ಅತ್ತೆ.

ಅವಳು ಒಳಗೆ ಹೋಗಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ಪೂರ್ತಿ ತಿಂದೆ. ತಟ್ಟೆ ಬಿಟ್ಟು ಏಳುವ ಯೋಗ್ಯತೆ ನನಗಿರಲಿಲ್ಲ. ಮಧುಗಿರಿಗೆ ಹೋಗುವ ಬಸ್ಸು ನಾಲ್ಕಕ್ಕೆ ಅಂದಳು. ತುಂಬಿದ ಹಣಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಗಂಟು ಹಾಕಿದೆ. ಅಷ್ಟರಲ್ಲಿ ಅವಳು ನೂಲಿನ ಉಂಡೆ ತೆಗೆದು, ಎರಡು ಗೂಟಕ್ಕೆ ಸುತ್ತಿ ಮೊದಲ ಕುಣಿಕೆ ಕಟ್ಟಲು ಕೂತಾಗಿತ್ತು. ಕುಣಿಕೆಗಳೆಲ್ಲ ಒಂದೇ ಉದ್ದ ಬರುವುದು ಆ ಗೂಟಗಳಿಂದ. ಅಷ್ಟು ಸಣ್ಣ ವಿಷಯ! ಬಾಗಿಲು ಹಾಕಿಕೊಂಡು ಕುಡುಗೋಲು ಬೀಸುತ್ತಿದ್ದ ನನಗೆ ಅದೊಂದು ಹೊಳೆದಿರಲಿಲ್ಲ.

ಗಂಟನ್ನು ಗೋಡೆಗೆ ಒರಗಿಸಿಟ್ಟೆ. ಅವಳ ಎದುರಿಗೆ ಕೂತೆ.

"ಬಸ್ಸು?" ಅಂದಳು.

"ಹೋದ್ರೆ ಹೋಗ್ಲಿ. ಕೊಡು ಇಲ್ಲಿ, ಇದ್ನ ನಾನ್ ತುಂಬ್ತೀನಿ. ನೀನ್ ಹೇಳು."

"ಬೈತೀನಿ. ತಡ್ಕಬೇಕು."

"ಬೈ."

ಬೈದಳು. ಏನೇನು ಬೈದಳೆಂದು ಹೇಳಲಾರೆ. ಕೈಯಲ್ಲ ಅದು ಒನಕೆ ಅಂದಳು, ನಮ್ಮಪ್ಪ ನೋಡಿದ್ದರೆ ಕುಣಿಗೇ ಹೂಳುತ್ತಿದ್ದ ಅಂದಳು. ಐವತ್ತು ದಾಟಿದವನು ಹೊಸದಾಗಿ ಅಕ್ಷರ ತಿದ್ದುವವನ ಹಾಗೆ ಕೂತು ಕುಣಿಕೆ ಕಟ್ಟಿದೆ, ಎಳೆ ತೂರಿಸಿದೆ. ನೂರು ದಾಟಿದಾಗ ಅವಳು ಬಗ್ಗಿ ನೋಡಿ, ಒಂದು ಎಳೆಯನ್ನು ಬೆರಳಲ್ಲಿ ಎತ್ತಿದಳು.

"ಇಲ್ಲಿ ತಪ್ಪಿದೀಯ. ಮೂವತ್ತನೇದ್ರಲ್ಲೇ. ಬಿಚ್ಚು ಎಲ್ಲಾನೂ."

ನನ್ನ ಕೈ ಕುಡುಗೋಲು ಹುಡುಕಿತು. ಹತ್ತಿರದಲ್ಲಿ ಇರಲಿಲ್ಲ, ಒಳ್ಳೆಯದಾಯಿತು. ದೂರದಲ್ಲಿ ನಾಲ್ಕರ ಬಸ್ಸು ಹಾರ್ನು ಹಾಕಿಕೊಂಡು ಹೋಯಿತು. ನಾನು ಒಂದೊಂದೇ ಎಳೆ ಬಿಚ್ಚುತ್ತಾ ಬಂದೆ. ಮೂವತ್ತಕ್ಕೆ ಬಂದು ನಿಂತೆ.

"ಅವತ್ತು ಅಟ್ಟದ್ದು ಕೊಡ್ಬೇಕಿತ್ತು ಅಕ್ಕ" ಅಂದೆ. ತಲೆ ಎತ್ತಲಿಲ್ಲ.

"ಹೂಂ. ಕೊಡ್ಬೇಕಿತ್ತು" ಅಂದಳು ಜುಂಜಮ್ಮ. "ಎಣಿಸು ಈಗ."