ಆಯುಧಪೂಜೆಗೆ ಬಿಡುವು ಕೊಟ್ಟ ಕಂಪ್ಯೂಟರು

ವಡ್ಡು ಎಂಬ ಊರಿನ ಹತ್ತಿರದ ಗಣಿ ದವಾಖಾನೆಯ ಗುಮಾಸ್ತ ಕಮಲಾಕರನಿಗೆ ತನ್ನ ಕೈಗುಣದ ಮೇಲೆ ಭಾಳ ಹಮ್ಮು. ತೊಂಬತ್ತಾರರ ದಸರಾ ಮುಂದ ಮೇಲಿನ ಆಫೀಸಿನಿಂದ ಕಾಗದ ಬಂತು: ವಿಂಡೋಸ್ ತೊಂಬತ್ತೈದು ನಡೆಯದ ಕಂಪ್ಯೂಟರೆಲ್ಲ ಗುಜರಿಗೆ. ಬಳ್ಳಾರಿಯಿಂದ ಬಂದ ಎಂಜಿನಿಯರು ದವಾಖಾನೆಯ ಹಳೇ ಡಬ್ಬಿ ನೋಡಿ ನಕ್ಕೇಬಿಟ್ಟ.

"ಇದಕ್ಕ ತೊಂಬತ್ತೈದಾ? ಡಿಸ್ಕಿನ್ಯಾಗ ಜಾಗಾನ ಇಲ್ಲಲ್ರಿ!"

"ನಾ ಹಾಕ್ತೀನಿ, ನೋಡ್ತಿರ್ರಿ," ಅಂದ ಕಮಲಾಕರ.

ಹಟಕ್ಕೆ ಕಾರಣವೂ ಇತ್ತು ಅನ್ನಿ. ಗಣಿಯ ಆಳುಗಳು ವರ್ಷಕ್ಕೊಮ್ಮೆ ಬಂದು ಕೊಳವೆ ಊದಿ ಹೋಗುತ್ತಿದ್ದರು, ಎದೆಯಲ್ಲಿ ಎಷ್ಟು ದಮ್ಮಿದೆ ಅಂತ. ಹನ್ನೆರಡು ವರ್ಷದ ಆ ದಾಖಲೆ ಇದ್ದದ್ದು ಆ ಡಬ್ಬಿಯೊಳಗೆ ಮಾತ್ರ. ರಿಜಿಸ್ಟರುಗಳನ್ನು ಗೆದ್ದಲು ಮುಗಿಸಿತ್ತು. ಸೇರುವಾಗ ಎದೆ ಗಟ್ಟಿಯಿತ್ತು, ಕೆಂಪು ಧೂಳು ಕುಡಿದೇ ಕೆಟ್ಟಿತು ಅಂತ ತೋರಿಸಲು ಬೇರೇನೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಆಳುಗಳ ಪರಿಹಾರದ ವಿಚಾರಣೆ. ಪಟ್ಟಿಯಲ್ಲಿ ಮೊದಲ ಹೆಸರು ತಾಯಪ್ಪನದು. ಎಂಬತ್ನಾಲ್ಕರಲ್ಲಿ ಸೇರಿ ಗಣಿಯಲ್ಲಿ ಸುತ್ತಿಗೆ ಹೊಡೆದ ಆಳು, ನಾಲ್ಕು ಹೆಜ್ಜೆಗೇ ಏದುಸಿರು ಬರತೊಡಗಿದ ಮೇಲೆ ದವಾಖಾನೆಯ ಕಾವಲಿಗೆ ಹಾಕಿದ್ದರು.

ಹೊಸದಕ್ಕೆ ಜಾಗ ಬೇಕಾದರೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಮೊದಲು ಒತ್ತಿ ಚಿಕ್ಕದು ಮಾಡಬೇಕು. ಆ ಮುದಿ ಯಂತ್ರಕ್ಕೆ ಅದು ಐದಾರು ತಾಸಿನ ಕೆಲಸ. ನಡುವೆ ಯಂತ್ರ ಆರಿತೋ, ಒಳಗಿನದೆಲ್ಲ ಗೋವಿಂದ! ಆಯುಧಪೂಜೆಯ ದಿನ ಗಣಿ ಬಂದ್, ಕರೆಂಟು ಹೋಗಲಿಕ್ಕಿಲ್ಲ ಅಂತ ಮುಂಜಾನೆಯೇ ಅದನ್ನು ಹಚ್ಚಿಟ್ಟು ಕಮಲಾಕರ ಹೊಸಪೇಟೆ ಬಸ್ಸು ಹತ್ತಿದ. ಮನೆಯಲ್ಲಿ ಹೆಂಡತಿ ಯಮುನಾಬಾಯಿ ಪೂಜೆಗೆ ಕಾಯುತ್ತಿದ್ದಳು. ಫ್ಲಾಪಿಗೆ ನಕಲು ತೆಗೆದಿಡಬೇಕು ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಮಾರಾಯರೆ. ಹಬ್ಬದ ಗಡಿಬಿಡಿ, ಮೇಲೆ ಆ ಸುಡುಗಾಡು ಹಮ್ಮು!

ಇಳಿಹೊತ್ತಿಗೆ ಬಂದು ನೋಡಿದರೆ ಕಂಪ್ಯೂಟರಿಗೆ ಚೆಂಡುಹೂವಿನ ಹಾರ, ಕುಂಕುಮ, ಮುಂದೆ ಒಡೆದ ಕಾಯಿ. ಪರದೆ ಕಪ್ಪಗಿತ್ತು. ತಾಯಪ್ಪ ಮಿಂದು, ಮಡಿಧೋತ್ರ ಉಟ್ಟು ಕೈಕಟ್ಟಿ ನಿಂತಿದ್ದ.

"ಹಬ್ಬದ ದಿನಾನೂ ದುಡಿಸ್ತಾರೇನ್ರಿ ಸ್ವಾಮೇರ? ಸುತ್ತಿಗಿಗೂ ಇವತ್ತ ಬಿಡುವು ಕೊಡ್ತೀವಿ. ನಮ್ಮ ಉಸಿರೆಲ್ಲ ಇದರಾಗ ಐತಲ್ರಿ, ಅದಕ್ಕ ನಾನ ಗುಂಡಿ ಆರಿಸಿ ಪೂಜಿ ಮಾಡೀನಿ."

ಕಮಲಾಕರ ಹಾರ ಸರಿಸಿ ಕುರ್ಚಿ ಎಳೆದುಕೊಂಡ. ಗುಂಡಿ ಒತ್ತಿದ. ಇಂಗ್ಲೀಷಿನ ಒಂದೇ ಒಂದು ಸಾಲು ಬಂದು ನಿಂತಿತು. ಮತ್ತೆ ಒತ್ತಿದ, ಮತ್ತೆ ಒತ್ತಿದ. ಮೂರು ದಿನ ಬಿಟ್ಟು ಬಂದ ಎಂಜಿನಿಯರು ಈ ಸಲ ನಗಲಿಲ್ಲ.

"ಏನೂ ಉಳಿದಿಲ್ರಿ," ಅಂದು ಚೀಲ ಹೆಗಲಿಗೇರಿಸಿದ.

ಅವನು ಹೋದ ಮೇಲೆ ತಾಯಪ್ಪ ಮೆಲ್ಲಗೆ ಕೇಳಿದ, "ಯಾರು ಕೆಡಿಸಿದ್ರು ಸ್ವಾಮೇರ?"

"ನಾನೇ, ತಾಯಪ್ಪ. ನಾನೇ ಕೆಡಿಸಿದೆ," ಅಂದ ಕಮಲಾಕರ. ಅದು ಸುಳ್ಳೂ ಆಗಿರಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಅಯ್ಯ, ಅಷ್ಟಕ್ಕ ಯಾಕ ಅಳ್ತೀರಿ, ಬಿಡ್ರಿ! ಹೋದದ್ದು ಹೋತು. ಈಗ ಇನ್ನೊಮ್ಮೆ ಊದಿ ಕೊಡ್ತೀನಿ."

ತಾನೇ ಕಪಾಟಿನಿಂದ ಕೊಳವೆ ತಂದ. ಕಣ್ಣು ಮುಚ್ಚಿ, ಕೊರಳ ನರ ಉಬ್ಬುವಂತೆ ಊದಿದ. ಅಳತೆಯ ಮುಳ್ಳು ತುಸು ಅಲುಗಿ ಅಲ್ಲೇ ಕುಂತಿತು. ಕೆಮ್ಮು ನಿಲ್ಲುವ ತನಕ ಮೇಜು ಹಿಡಿದುಕೊಂಡಿದ್ದ.

"ಹ್ಞೂಂ, ಬರಕೊಳ್ರಿ ಸ್ವಾಮೇರ," ಅಂದ ತಾಯಪ್ಪ. "ಎಂಬತ್ನಾಕನೇ ಇಸ್ವಿದು."